ಎಂಟು ಸೆಕೆಂಡಿನ ಗೆಲುವು, ಎರಡು ವರ್ಷದ ಚೇತರಿಕೆ

ಸೈಕಲ್ ಪಟು ಗ್ರೆಗ್ ಲೆಮಾಂಡ್ ಅವರ ಬದುಕು ಕಲಿಸುವ ಆರೋಗ್ಯಪಾಠ

ದೇಹವನ್ನು ಹಗುರವಾಗಿ ಕಾಣದ ಪರಂಪರೆ ನಮ್ಮದು. ಹನ್ನೆರಡನೆಯ ಶತಮಾನದ ಶರಣರು ದೇಹದಂಡನೆಯನ್ನು ಸಾಧನೆಯೆಂದು ಹೊಗಳಲಿಲ್ಲ. ದೇಹವನ್ನು ಮುದ್ದಿಸಿ ಕೂರಿಸುವ ಸೋಮಾರಿತನವನ್ನೂ ಒಪ್ಪಲಿಲ್ಲ. ಇಷ್ಟಲಿಂಗವನ್ನು ಧರಿಸುವ ದೇಹವೇ ನೇಗಿಲು ಹಿಡಿಯುವ, ಮಗ್ಗ ನಡೆಸುವ, ದೋಣಿ ಹುಟ್ಟು ಹಾಕುವ ದೇಹವೂ ಆಗಿತ್ತು. ಕಾಯಕಕ್ಕೆ ಕಾಯ ಬೇಕು. ಕಾಯ ಉಳಿಯಬೇಕಾದರೆ ಅದರ ಮಾತನ್ನು ಕೇಳುವ ವಿವೇಕ ಬೇಕು. ದುಡಿಮೆ ಎಲ್ಲಿ ಮುಗಿಯಬೇಕು, ವಿಶ್ರಾಂತಿ ಎಲ್ಲಿ ಆರಂಭವಾಗಬೇಕು, ಧೈರ್ಯ ಎಲ್ಲಿ ದುಡುಕಾಗುತ್ತದೆ ಎಂಬುದನ್ನು ಅರಿಯುವುದು ಆರೋಗ್ಯದ ಮೊದಲ ಪಾಠ.

ಈ ಪಾಠವನ್ನು ಪುಸ್ತಕಕ್ಕಿಂತ ಚೆನ್ನಾಗಿ ತಿಳಿಸಬಲ್ಲ ಒಂದು ಬದುಕನ್ನು ಈ ಸಂಚಿಕೆಯಲ್ಲಿ ಓದುಗ ಸದ್ಭಕ್ತರ ಮುಂದಿಡುತ್ತಿದ್ದೇವೆ. ಅದು ಅಮೆರಿಕದ ವೃತ್ತಿಪರ ಸೈಕಲ್ ಪಟು ಗ್ರೆಗ್ ಲೆಮಾಂಡ್ ಅವರದು. ವಿಜಯಪುರ, ಬಾಗಲಕೋಟೆ ಭಾಗದ ಭಕ್ತರಿಗೆ ಸೈಕಲ್ ಸ್ಪರ್ಧೆ ಹೊಸತಲ್ಲ. ಆ ಜಿಲ್ಲೆಗಳ ರೈತಕುಟುಂಬಗಳ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ತಂದಿದ್ದಾರೆ. ಅಂಥ ಮಕ್ಕಳ ತಂದೆತಾಯಿಗಳಿಗೂ, ಮಧುಮೇಹಕ್ಕೋ ಮಂಡಿನೋವಿಗೋ ಅಂಜಿ ಈಗಷ್ಟೇ ಸೈಕಲ್ ಹತ್ತಿರುವ ಹಿರಿಯರಿಗೂ ಲೆಮಾಂಡ್ ಅವರ ಕಥೆಯಲ್ಲಿ ಕಲಿಯುವುದಿದೆ.

ಮೂರು ವಾರಗಳ ಓಟ

ಮೊದಲು ಆ ಸ್ಪರ್ಧೆಯ ಸ್ವರೂಪವನ್ನು ತಿಳಿಯೋಣ. ಫ್ರಾನ್ಸ್ ದೇಶದಲ್ಲಿ 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಜಗತ್ತಿನ ಅತ್ಯಂತ ಪ್ರಸಿದ್ಧ ರಸ್ತೆ ಸೈಕಲ್ ಸ್ಪರ್ಧೆ. ಪ್ರತಿವರ್ಷ ಜುಲೈ ತಿಂಗಳಲ್ಲಿ ಸುಮಾರು ಮೂರು ವಾರ ನಡೆಯುವ ಈ ಓಟದಲ್ಲಿ ಸವಾರರು ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸುತ್ತಾರೆ. ಒಂದು ದಿನ ಬಯಲು, ಮರುದಿನ ಆಲ್ಪ್ಸ್ ಅಥವಾ ಪಿರೆನೀಸ್ ಪರ್ವತಗಳ ಏರು. ಪ್ರತಿದಿನದ ಸಮಯವನ್ನು ಕೂಡಿಸುತ್ತ ಹೋಗಿ, ಒಟ್ಟು ಅತಿ ಕಡಿಮೆ ಸಮಯ ತೆಗೆದುಕೊಂಡವರು ವಿಜೇತರಾಗುತ್ತಾರೆ. ಮುನ್ನಡೆಯಲ್ಲಿರುವವರು ಹಳದಿ ಬಣ್ಣದ ಅಂಗಿ ತೊಡುವ ಪದ್ಧತಿ 1919ರಿಂದ ನಡೆದುಬಂದಿದೆ.

ಇಂಥ ಓಟದಲ್ಲಿ ದೇಹದ ಮೇಲೆ ಬೀಳುವ ಭಾರ ಸಾಮಾನ್ಯವಲ್ಲ. ಮನೆಯಲ್ಲಿ ಕುಳಿತು ಕೆಲಸ ಮಾಡುವವರಿಗೆ ದಿನಕ್ಕೆ ಸುಮಾರು ಎರಡು ಸಾವಿರ ಕ್ಯಾಲೊರಿ ಆಹಾರ ಸಾಕು. ಪರ್ವತದ ದಿನಗಳಲ್ಲಿ ಈ ಸವಾರರಿಗೆ ಅದರ ಮೂರು ಪಟ್ಟು ಬೇಕಾಗುತ್ತದೆ. ಹೃದಯ, ಶ್ವಾಸಕೋಶ ಮತ್ತು ರಕ್ತ ಈ ಮೂರೂ ಸೇರಿ ಸ್ನಾಯುಗಳಿಗೆ ಪ್ರಾಣವಾಯುವನ್ನು ಎಷ್ಟು ವೇಗವಾಗಿ ಒದಗಿಸಬಲ್ಲವು ಎಂಬುದರ ಮೇಲೆಯೇ ಸೋಲು ಗೆಲುವು ನಿಂತಿರುತ್ತದೆ. ಈ ಶಕ್ತಿಯನ್ನು ಅಳೆಯುವ ಒಂದು ಮಾನವಿದೆ: ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಪ್ರಾಣವಾಯು ಬಳಕೆಯಾಗಬಲ್ಲದು ಎಂಬುದು. ಸಾಮಾನ್ಯ ಆರೋಗ್ಯವಂತ ಯುವಕನಲ್ಲಿ ಇದು 40ರ ಆಸುಪಾಸಿನಲ್ಲಿರುತ್ತದೆ. ಲೆಮಾಂಡ್ ಅವರಲ್ಲಿ ಇದು 90ನ್ನೂ ಮೀರಿತ್ತು. ಅದು ಹುಟ್ಟಿನಿಂದ ಬಂದ ಭಾಗ್ಯ. ಅದನ್ನು ಬೆಳೆಸಿದ್ದು ದುಡಿಮೆ.

ಹಿಮದ ಆಟದಿಂದ ರಸ್ತೆಯ ಓಟಕ್ಕೆ

ಗ್ರೆಗ್ ಲೆಮಾಂಡ್ 1961ರ ಜೂನ್ 26ರಂದು ಕ್ಯಾಲಿಫೋರ್ನಿಯಾದ ಲೇಕ್‌ವುಡ್‌ನಲ್ಲಿ ಜನಿಸಿದರು. ಬೆಳೆದದ್ದು ನೆವಾಡಾ ರಾಜ್ಯದ ರೀನೋ ನಗರದ ಸಮೀಪದ ವಾಶೂ ಕಣಿವೆಯಲ್ಲಿ. ಬಾಲ್ಯದಲ್ಲಿ ಅವರ ಮನಸ್ಸು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟದಲ್ಲಿತ್ತು. ಬೇಸಗೆಯಲ್ಲಿ ಹಿಮ ಕರಗಿದಾಗ ಕಾಲುಗಳ ಶಕ್ತಿ ಕುಂದದಿರಲೆಂದು ಸೈಕಲ್ ತುಳಿಯುವ ಸಲಹೆ ದೊರೆಯಿತು. ಪೂರಕ ವ್ಯಾಯಾಮವಾಗಿ ಆರಂಭವಾದುದು ಜೀವನದ ಕಾಯಕವಾಯಿತು.

1979ರಲ್ಲಿ ಅರ್ಜೆಂಟೀನಾದಲ್ಲಿ ನಡೆದ ಕಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಗೆದ್ದರು. 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಸಿದ್ಧರಾಗಿದ್ದರೂ ಅಮೆರಿಕ ಆ ಕೂಟವನ್ನು ಬಹಿಷ್ಕರಿಸಿದ್ದರಿಂದ ಅವಕಾಶ ಕೈತಪ್ಪಿತು. ಇಪ್ಪತ್ತು ತುಂಬುವ ಮೊದಲೇ ಫ್ರಾನ್ಸ್‌ನ ರೆನೋ ತಂಡವನ್ನು ಸೇರಿ, ಪರದೇಶದ ಭಾಷೆ, ಊಟ, ಹವೆಗಳಿಗೆ ಒಗ್ಗಿಕೊಂಡು 1983ರಲ್ಲಿ ಹಿರಿಯ ವೃತ್ತಿಪರರ ವಿಶ್ವ ಚಾಂಪಿಯನ್ ಆದರು. ಆಗ ಅವರಿಗೆ 22 ವರ್ಷ. 1984ರಲ್ಲಿ ಟೂರ್ ದ ಫ್ರಾನ್ಸ್‌ನಲ್ಲಿ ಮೂರನೆಯ ಸ್ಥಾನ ಬಂತು.

1985ರ ಟೂರ್ ಅವರ ಮನೋಬಲವನ್ನು ಬೇರೆ ಬಗೆಯಲ್ಲಿ ಪರೀಕ್ಷಿಸಿತು. ಅವರ ತಂಡದ ನಾಯಕರಾಗಿದ್ದ ಫ್ರಾನ್ಸ್‌ನ ಬರ್ನಾರ್ ಇನೋ ಬಿದ್ದು ಮೂಗು ಮುರಿದುಕೊಂಡಿದ್ದರು. ಒಂದು ಪರ್ವತದ ಏರಿನಲ್ಲಿ ಲೆಮಾಂಡ್ ಮುಂದೆ ಹೋಗಿ ಓಟವನ್ನೇ ಗೆಲ್ಲಬಹುದಾಗಿದ್ದಾಗ ತಂಡದವರು ಅವರನ್ನು ತಡೆದರು. ಅವರು ಮಾತಿಗೆ ಬದ್ಧರಾಗಿ ನಿಂತು, ಇನೋ ಅವರಿಗಿಂತ 1 ನಿಮಿಷ 42 ಸೆಕೆಂಡ್ ಹಿಂದೆ ಎರಡನೆಯವರಾದರು. ಮರುವರ್ಷ ಸಹಾಯ ಮಾಡುವುದಾಗಿ ಮಾತು ಕೊಟ್ಟಿದ್ದ ಇನೋ 1986ರಲ್ಲಿ ಪ್ರತಿಸ್ಪರ್ಧಿಯಂತೆಯೇ ಸೆಣಸಿದರೂ ಲೆಮಾಂಡ್ 3 ನಿಮಿಷ 10 ಸೆಕೆಂಡ್‌ಗಳ ಅಂತರದಿಂದ ಗೆದ್ದರು. ಯೂರೋಪಿನ ಹೊರಗಿನ ಒಬ್ಬರು ಆ ಸ್ಪರ್ಧೆಯನ್ನು ಗೆದ್ದದ್ದು ಅದೇ ಮೊದಲು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಕಾಯಕದ ಶಿಖರ ತಲುಪಿದ್ದಾಯಿತು. ಇನ್ನು ಹತ್ತು ವರ್ಷ ಈ ಪಟುವಿಗೆ ಎದುರಿಲ್ಲ ಎಂದು ಎಲ್ಲರೂ ಭಾವಿಸಿದ್ದರು.

ಇಪ್ಪತ್ತು ನಿಮಿಷಗಳ ಅಂತರ

1987ರ ಏಪ್ರಿಲ್ 20ರಂದು, ಓಟವೊಂದರಲ್ಲಿ ಬಿದ್ದು ಆದ ಪೆಟ್ಟಿನಿಂದ ಚೇತರಿಸಿಕೊಳ್ಳಲು ತಾಯ್ನಾಡಿಗೆ ಬಂದಿದ್ದ ಲೆಮಾಂಡ್ ಬಂಧುಗಳೊಡನೆ ಕ್ಯಾಲಿಫೋರ್ನಿಯಾದ ಒಂದು ತೋಟದಲ್ಲಿ ಕಾಡುಕೋಳಿಯ ಬೇಟೆಗೆ ಹೋಗಿದ್ದರು. ಬೇಟೆ ನಾವು ಒಪ್ಪುವ ಹವ್ಯಾಸವಲ್ಲ. ಅದರ ಚರ್ಚೆ ಇಲ್ಲಿ ಬೇಡ. ಪೊದೆಯ ಹಿಂದೆ ಅಲುಗಾಡಿದ್ದನ್ನು ಕಂಡು ಜೊತೆಯಲ್ಲಿದ್ದ ಬಂಧುವೊಬ್ಬರು ಪ್ರಮಾದದಿಂದ ಹಾರಿಸಿದ ಬಂದೂಕಿನ ಚರೆಗಳು ಅವರ ಬೆನ್ನಿಗೂ ಬಲಪಕ್ಕೆಗೂ ಹೊಕ್ಕವು. ಒಂದು ಶ್ವಾಸಕೋಶ ಕುಸಿಯಿತು. ದೇಹದ ರಕ್ತದಲ್ಲಿ ಸುಮಾರು ಮೂರನೆಯ ಎರಡು ಭಾಗ ಸೋರಿಹೋಯಿತು. ಸಮೀಪದಲ್ಲಿದ್ದ ಪೊಲೀಸ್ ಹೆಲಿಕಾಪ್ಟರ್ ಅವರನ್ನು ಆಸ್ಪತ್ರೆಗೆ ಒಯ್ದದ್ದರಿಂದ ಜೀವ ಉಳಿಯಿತು. ಇನ್ನು ಇಪ್ಪತ್ತು ನಿಮಿಷ ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದು ವೈದ್ಯರು ಹೇಳಿದರು. ಮನೆಯಲ್ಲಿ ಪತ್ನಿ ಎರಡನೆಯ ಮಗುವಿನ ತುಂಬು ಗರ್ಭಿಣಿಯಾಗಿದ್ದರು.

ಇಲ್ಲಿ ಗಮನಿಸಬೇಕಾದ ವೈದ್ಯಕೀಯ ಸತ್ಯವೊಂದಿದೆ. ದೊಡ್ಡ ಗಾಯವಾದಾಗ ಪ್ರಾಣಕ್ಕೆ ಮೊದಲು ಬರುವ ಕುತ್ತು ರಕ್ತಸ್ರಾವದ್ದು. ವಯಸ್ಕರ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಅದರಲ್ಲಿ ಅರ್ಧದಷ್ಟು ಬೇಗನೆ ಹೋದರೆ ಮೆದುಳಿಗೂ ಹೃದಯಕ್ಕೂ ಪ್ರಾಣವಾಯು ತಲುಪುವುದು ನಿಲ್ಲತೊಡಗುತ್ತದೆ. ಹೊಲದಲ್ಲಿ, ರಸ್ತೆಯಲ್ಲಿ ಅಪಘಾತವಾದಾಗ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಡದೆ ಒತ್ತಿಹಿಡಿಯುವುದು, 108ಕ್ಕೆ ಕರೆಮಾಡುವುದು, ಗಾಯಾಳುವಿಗೆ ಕುಡಿಯಲು ಏನನ್ನೂ ಕೊಡದಿರುವುದು, ಈ ಮೂರನ್ನು ಮನೆಯ ಪ್ರತಿಯೊಬ್ಬರೂ ಕಲಿತಿರಬೇಕು. ರಕ್ತದಾನ ಮಾಡುವ ಭಕ್ತರು ಅದು ಎಂಥ ದಾಸೋಹವೆಂಬುದನ್ನು ಈ ಒಂದು ಘಟನೆಯಿಂದಲೇ ಅರಿಯಬಹುದು.

ಶಸ್ತ್ರವೈದ್ಯರು ಎಲ್ಲ ಚರೆಗಳನ್ನೂ ತೆಗೆಯಲಿಲ್ಲ. ಮೂವತ್ತಕ್ಕೂ ಹೆಚ್ಚು ಸೀಸದ ಚರೆಗಳು ದೇಹದಲ್ಲಿಯೇ ಉಳಿದವು. ಕೆಲವು ಹೃದಯದ ಹೊರಪೊರೆಯಲ್ಲಿ, ಕೆಲವು ಯಕೃತ್ತಿನಲ್ಲಿ. ತೆಗೆಯುವ ಪ್ರಯತ್ನವೇ ಹೆಚ್ಚು ಅಪಾಯಕರವಾಗಿದ್ದರೆ ಬಿಡುವುದೇ ಚಿಕಿತ್ಸೆ ಎಂಬ ವಿವೇಕ ವೈದ್ಯಶಾಸ್ತ್ರದಲ್ಲಿದೆ.

ಮುಚ್ಚಿಟ್ಟ ಶಸ್ತ್ರಚಿಕಿತ್ಸೆ, ತಡವಾಗಿ ತಿಳಿದ ಕೊರತೆ

ಆ ವರ್ಷ ಕೆಲವು ತಿಂಗಳ ನಂತರ ಇನ್ನೊಂದು ಸಂಕಟ ಎದುರಾಯಿತು. ಹಿಂದಿನ ಗಾಯದಿಂದಾಗಿ ಹೊಟ್ಟೆಯೊಳಗಿನ ಅಂಗಾಂಶಗಳು ಒಂದಕ್ಕೊಂದು ಅಂಟಿಕೊಂಡು ಕರುಳಿನ ದಾರಿ ಕಟ್ಟಿತು. ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಇದನ್ನು ತಿಳಿದರೆ ತಂಡ ತನ್ನನ್ನು ಕೈಬಿಟ್ಟೀತೆಂದು ಲೆಮಾಂಡ್ ಅಂಜಿದರು. ಅದೇ ವೇಳೆ ಅಪೆಂಡಿಕ್ಸನ್ನೂ ತೆಗೆದುಬಿಡುವಂತೆ ವೈದ್ಯರನ್ನು ಕೇಳಿಕೊಂಡು, ತಂಡಕ್ಕೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತೆಂದಷ್ಟೇ ಹೇಳಿದರು.

ಇದನ್ನು ಅವರ ತಪ್ಪೆಂದು ತೂಗುವುದಕ್ಕೆ ಮೊದಲು ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಕೂಲಿ ತಪ್ಪೀತೆಂದು ಎದೆನೋವನ್ನು ಮುಚ್ಚಿಡುವ ತಂದೆ, ಮನೆಯವರಿಗೆ ಹೊರೆಯಾದೀತೆಂದು ಅತಿಯಾದ ಮುಟ್ಟಿನ ಸ್ರಾವವನ್ನು ಹೇಳದ ತಾಯಿ, ತಂಡದಿಂದ ಹೊರಬಿದ್ದೇನೆಂದು ಮಂಡಿಯ ಊತವನ್ನು ಮರೆಮಾಡುವ ಹುಡುಗ, ಇವರೆಲ್ಲ ಅದೇ ಅಂಜಿಕೆಯ ಮಕ್ಕಳು. ರೋಗವನ್ನು ಮುಚ್ಚಿಡುವಂತೆ ಮಾಡುವ ಪರಿಸರವೂ ರೋಗದ ಒಂದು ಭಾಗವೇ. ಹೇಳಿಕೊಂಡವರನ್ನು ಹೀಯಾಳಿಸದ ಮನೆ, ಹೇಳಿಕೊಂಡವರನ್ನು ಕೆಲಸದಿಂದ ತೆಗೆಯದ ಯಜಮಾನ ಆರೋಗ್ಯಕ್ಕೆ ಔಷಧಿಯಷ್ಟೇ ಅಗತ್ಯ.

1988ರಲ್ಲಿ ಮೊಣಕಾಲಿನ ಕೆಳಗಿನ ಸ್ನಾಯುರಜ್ಜುವಿನ ತೊಂದರೆಗೆ ಮತ್ತೊಂದು ಶಸ್ತ್ರಚಿಕಿತ್ಸೆ ನಡೆಯಿತು. ಎರಡು ವರ್ಷ ಸತತವಾಗಿ ಟೂರ್ ದ ಫ್ರಾನ್ಸ್ ತಪ್ಪಿತು. 1989ರ ಬೇಸಗೆಯಲ್ಲಿ ಇಟಲಿಯ ಮಹಾಸ್ಪರ್ಧೆಯಾದ ಜಿರೋ ದಿಟಾಲಿಯಾದಲ್ಲಿ ಸ್ಪರ್ಧಿಸಿದಾಗ ಒಂದು ಕಾಲದ ವಿಶ್ವ ಚಾಂಪಿಯನ್ ಪರ್ವತಗಳಲ್ಲಿ ಬಹಳ ಹಿಂದೆ ಉಳಿದರು. ಕಾಲುಗಳಲ್ಲಿ ಕಸುವಿರಲಿಲ್ಲ. ಸೈಕಲ್ ಬಿಟ್ಟೇಬಿಡೋಣವೆಂದು ಪತ್ನಿಯೊಡನೆ ಹೇಳಿಕೊಳ್ಳುವಷ್ಟು ಮನಸ್ಸು ಕುಗ್ಗಿತ್ತು.

ಆಗ ಅವರ ಮೈ ಮುಖ ಬಿಳಿಚಿಕೊಂಡಿರುವುದನ್ನು ಗಮನಿಸಿದವರು ಅವರ ಅಂಗಮರ್ದನ ಮಾಡುತ್ತಿದ್ದ ಸಹಾಯಕ. ತಪಾಸಣೆಯಲ್ಲಿ ಕಬ್ಬಿಣಾಂಶದ ತೀವ್ರ ಕೊರತೆ ಕಂಡಿತು. ವೈದ್ಯರು ಕಬ್ಬಿಣಾಂಶದ ಚುಚ್ಚುಮದ್ದು ನೀಡಿದರು. ಕೆಲವೇ ದಿನಗಳಲ್ಲಿ ಬದಲಾವಣೆ ಕಾಣಿಸಿತು. ಜಿರೋದ ಕೊನೆಯ ದಿನ, ಒಬ್ಬೊಬ್ಬರೇ ಗಡಿಯಾರದೊಡನೆ ಸೆಣಸುವ ಓಟದಲ್ಲಿ, ಅವರು ಎರಡನೆಯವರಾಗಿ ಬಂದರು.

ಈ ಪ್ರಸಂಗ ನಮ್ಮ ಓದುಗರಿಗೆ ಎಲ್ಲಕ್ಕಿಂತ ಹತ್ತಿರವಾದುದು. ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಪ್ರಾಣವಾಯುವನ್ನು ಹೊತ್ತೊಯ್ಯುತ್ತದೆ. ಕಬ್ಬಿಣವಿಲ್ಲದೆ ಹಿಮೋಗ್ಲೋಬಿನ್ ಇಲ್ಲ. ಎಂಥ ಬಲಿಷ್ಠ ಹೃದಯವಿದ್ದರೂ ಹೊರುವ ಕಣಗಳೇ ಬಡವಾದರೆ ಸ್ನಾಯು ಹಸಿದಿರುತ್ತದೆ. ನಮ್ಮಲ್ಲಿ ಈ ಕೊರತೆ ಹೆಣ್ಣುಮಕ್ಕಳಲ್ಲಿ, ಗರ್ಭಿಣಿಯರಲ್ಲಿ, ಬೆಳೆಯುವ ಮಕ್ಕಳಲ್ಲಿ ವ್ಯಾಪಕವಾಗಿದೆ. ಬೇಗ ದಣಿವು, ಮೆಟ್ಟಿಲೇರಿದರೆ ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿರುವುದು, ಮಣ್ಣು ಸೀಮೆಸುಣ್ಣ ತಿನ್ನುವ ಬಯಕೆ ಇದರ ಲಕ್ಷಣಗಳು. ಇವನ್ನು ಸೋಮಾರಿತನವೆಂದು ಗದರಿಸುವ ಬದಲು ಒಂದು ಸರಳ ರಕ್ತಪರೀಕ್ಷೆ ಮಾಡಿಸಬೇಕು.

ಸಸ್ಯಾಹಾರಿಗಳಾದ ನಾವು ಸಜ್ಜೆ ರೊಟ್ಟಿ, ಹುರುಳಿ, ಕಡಲೆ, ಹೆಸರು, ಎಳ್ಳು, ಗುರೆಳ್ಳು, ನುಗ್ಗೆಸೊಪ್ಪು, ರಾಜಗಿರಿ ಸೊಪ್ಪುಗಳನ್ನು ನಿತ್ಯದ ಊಟದಲ್ಲಿ ಇರಿಸಿಕೊಳ್ಳಬೇಕು. ಸಸ್ಯಮೂಲದ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಊಟದೊಡನೆ ನಿಂಬೆರಸ, ನೆಲ್ಲಿಕಾಯಿ, ಪೇರಲಹಣ್ಣು ಇದ್ದರೆ ಹೀರಿಕೆ ಹೆಚ್ಚುತ್ತದೆ; ಊಟದ ಜೊತೆಗೇ ಚಹಾ ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ಮೊಳಕೆ ಕಟ್ಟಿದ ಕಾಳು ಉತ್ತಮ. ಕೊರತೆ ಹೆಚ್ಚಾಗಿದ್ದರೆ ಆಹಾರವೊಂದೇ ಸಾಲದು; ಮಾತ್ರೆ ಅಥವಾ ಚುಚ್ಚುಮದ್ದನ್ನು ವೈದ್ಯರೇ ನಿರ್ಧರಿಸಬೇಕು. ಕಬ್ಬಿಣಾಂಶ ಅತಿಯಾದರೂ ಯಕೃತ್ತಿಗೆ ಹಾನಿ ಉಂಟು.

1989ರ ಜುಲೈ 23

ಜಿರೋ ಮುಗಿದ ಕೆಲವೇ ವಾರಗಳಲ್ಲಿ ಟೂರ್ ದ ಫ್ರಾನ್ಸ್ ಆರಂಭವಾಯಿತು. ಮೊದಲ ಇಪ್ಪತ್ತರೊಳಗೆ ಬಂದರೆ ಸಾಕೆಂಬುದು ಲೆಮಾಂಡ್ ಅವರ ನಿರೀಕ್ಷೆ. ಆದರೆ ಮೂರು ವಾರಗಳಲ್ಲಿ ಹಳದಿ ಅಂಗಿ ಅವರ ಮತ್ತು ಫ್ರಾನ್ಸ್‌ನ ಲೊರಾಂ ಫಿನ್ಯೋಂ ಅವರ ನಡುವೆ ಮತ್ತೆ ಮತ್ತೆ ಕೈಬದಲಾಯಿಸಿತು. ಫಿನ್ಯೋಂ ಅದಾಗಲೇ ಎರಡು ಸಲ ಟೂರ್ ಗೆದ್ದವರು. ಆ ವರ್ಷದ ಜಿರೋ ವಿಜೇತರೂ ಅವರೇ.

ಕೊನೆಯ ದಿನ ಉಳಿದದ್ದು ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್‌ಗಳ ಒಂಟಿ ಓಟ. ಲೆಮಾಂಡ್ 50 ಸೆಕೆಂಡ್ ಹಿಂದಿದ್ದರು. ಅಷ್ಟು ಚಿಕ್ಕ ದಾರಿಯಲ್ಲಿ ಪ್ರತಿ ಕಿಲೋಮೀಟರಿಗೂ ಎರಡು ಸೆಕೆಂಡಿನಂತೆ ಗಳಿಸುವುದು ಅಸಾಧ್ಯವೆಂದೇ ಎಲ್ಲರ ಎಣಿಕೆ. ಅವರು ಗಾಳಿಯ ತಡೆಯನ್ನು ಕಡಿಮೆ ಮಾಡಲು ಮೊಣಕೈಗಳನ್ನು ಒಟ್ಟಿಗೆ ಮುಂದಕ್ಕೆ ಚಾಚಿ ಹಿಡಿಯುವ ಹೊಸ ಬಗೆಯ ಹ್ಯಾಂಡಲ್ ಜೋಡಿಸಿದ್ದರು, ನೀಳವಾದ ಹೆಲ್ಮೆಟ್ ಧರಿಸಿದ್ದರು. ಎಷ್ಟು ಹಿಂದಿದ್ದೇನೆ, ಎಷ್ಟು ಮುಂದಿದ್ದೇನೆ ಎಂದು ದಾರಿಯಲ್ಲಿ ತನಗೆ ಹೇಳಲೇಬಾರದೆಂದು ತಂಡದವರಿಗೆ ತಿಳಿಸಿದ್ದರು. ಫಲದ ಲೆಕ್ಕ ಬಿಟ್ಟು ತುಳಿಯುವುದೊಂದೇ ಅಂದಿನ ಕೆಲಸ. ಗಂಟೆಗೆ 54.5 ಕಿಲೋಮೀಟರ್‌ಗೂ ಮಿಗಿಲಾದ ಸರಾಸರಿ ವೇಗದಲ್ಲಿ ಅವರು ದಾರಿ ಮುಗಿಸಿದರು. ಫಿನ್ಯೋಂ ಅವರಿಗೆ ಅದೇ ದಾರಿಗೆ 58 ಸೆಕೆಂಡ್ ಹೆಚ್ಚು ಬೇಕಾಯಿತು. 3,200 ಕಿಲೋಮೀಟರ್‌ಗೂ ಮೀರಿದ ಓಟ 8 ಸೆಕೆಂಡ್‌ಗಳಲ್ಲಿ ನಿರ್ಧಾರವಾಯಿತು. ಆ ಸ್ಪರ್ಧೆಯ ಇತಿಹಾಸದಲ್ಲಿ ಅಷ್ಟು ಕಿರಿದಾದ ಅಂತರ ಮತ್ತೊಂದಿಲ್ಲ.

ಸೋತವರ ಪಾಡನ್ನೂ ನೋಡಬೇಕು. ಫಿನ್ಯೋಂ ಅವರಿಗೆ ಕೊನೆಯ ದಿನಗಳಲ್ಲಿ ಸೈಕಲ್ ಸೀಟಿನ ಉಜ್ಜಾಟದಿಂದ ಹುಣ್ಣಾಗಿತ್ತು, ಕುಳಿತುಕೊಳ್ಳುವುದೇ ಯಾತನೆಯಾಗಿತ್ತು. ಬೆವರು, ಘರ್ಷಣೆ, ಒದ್ದೆ ಬಟ್ಟೆ ಸೇರಿ ಆಗುವ ಇಂಥ ಹುಣ್ಣು ಸಣ್ಣದೆಂದು ತೋರಿದರೂ ಮೂರು ವಾರಗಳ ಶ್ರಮವನ್ನು ಕಸಿಯಬಲ್ಲದು. ನಿತ್ಯ ಸೈಕಲ್ ತುಳಿಯುವವರು ಸವಾರಿ ಮುಗಿದೊಡನೆ ಬಟ್ಟೆ ಬದಲಿಸಿ, ಸ್ನಾನ ಮಾಡಿ, ಚರ್ಮವನ್ನು ಒಣಗಿಸಿಕೊಳ್ಳಬೇಕು. ಗುಳ್ಳೆ ಕಂಡರೆ ಸವಾರಿಗೆ ಬಿಡುವು ಕೊಡಬೇಕು.

ದಣಿವಿನ ವರ್ಷಗಳು

ಲೆಮಾಂಡ್ ಆ ವರ್ಷವೇ ಮತ್ತೆ ವಿಶ್ವ ಚಾಂಪಿಯನ್ ಆದರು. 1990ರಲ್ಲಿ ಮೂರನೆಯ ಸಲ ಟೂರ್ ಗೆದ್ದರು. 1991ರಲ್ಲಿ ಏಳನೆಯವರಾದರು. ಅಲ್ಲಿಂದ ಮುಂದೆ ಕಾರಣ ಅರಿಯದ ದಣಿವು ಅವರನ್ನು ಹಿಡಿಯಿತು. 1994ರ ಕೊನೆಯಲ್ಲಿ, 33ನೆಯ ವಯಸ್ಸಿನಲ್ಲಿ, ಅವರು ನಿವೃತ್ತಿ ಘೋಷಿಸಿದರು. ಜೀವಕೋಶಗಳಲ್ಲಿ ಶಕ್ತಿಯನ್ನು ಉತ್ಪಾದಿಸುವ ಮೈಟೋಕಾಂಡ್ರಿಯಾಗಳ ದೋಷವೆಂದು ಆಗ ಕಾರಣ ಹೇಳಲಾಯಿತು. ದೇಹದಲ್ಲಿ ಉಳಿದ ಸೀಸವೂ ಕಾರಣವಾಗಿರಬಹುದೆಂದು ಅವರು ಮುಂದೆ ಹೇಳಿದ್ದಾರೆ. ಸೀಸ ದೇಹಕ್ಕೆ ಯಾವ ಪ್ರಮಾಣದಲ್ಲಿಯೂ ಹಿತವಲ್ಲ. ಅದು ಮೂಳೆಗಳಲ್ಲಿ ವರ್ಷಗಟ್ಟಲೆ ಸಂಗ್ರಹವಾಗಿರುತ್ತದೆ, ರಕ್ತಕಣಗಳ ಉತ್ಪತ್ತಿಗೂ ನರಗಳಿಗೂ ತೊಡಕಾಗುತ್ತದೆ.

ಅದೇ ವರ್ಷಗಳಲ್ಲಿ ಸೈಕಲ್ ಲೋಕಕ್ಕೆ ಮತ್ತೊಂದು ವಿಷ ಹೊಕ್ಕಿತು. ಇಪಿಒ ಎಂಬುದು ನಮ್ಮ ಮೂತ್ರಪಿಂಡಗಳು ಸ್ರವಿಸುವ ಒಂದು ರಸ. ಕೆಂಪು ರಕ್ತಕಣಗಳನ್ನು ಉತ್ಪಾದಿಸುವಂತೆ ಅದು ಮೂಳೆಮಜ್ಜೆಗೆ ಹೇಳುತ್ತದೆ. ಮೂತ್ರಪಿಂಡ ವಿಫಲವಾದ ರೋಗಿಗಳಿಗೆ ಕೃತಕ ಇಪಿಒ ವರವೇ ಸರಿ. ಆದರೆ ಆರೋಗ್ಯವಂತ ಪಟುಗಳು ಗೆಲುವಿಗಾಗಿ ಅದನ್ನು ಚುಚ್ಚಿಕೊಂಡಾಗ ರಕ್ತ ಗಟ್ಟಿಯಾಗುತ್ತದೆ. ಹೆಪ್ಪುಗಟ್ಟಿ ಹೃದಯಾಘಾತ, ಪಾರ್ಶ್ವವಾಯು ಉಂಟಾಗಬಹುದು. ಲೆಮಾಂಡ್ ಇಂಥ ಮದ್ದುಗಳನ್ನು ವಿರೋಧಿಸಿದರು. 2001ರಲ್ಲಿ, ಅಮೆರಿಕವೇ ತಲೆಯ ಮೇಲಿಟ್ಟುಕೊಂಡಿದ್ದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರು ಸಂದೇಹಾಸ್ಪದ ವೈದ್ಯರೊಬ್ಬರೊಡನೆ ಸಂಬಂಧವಿರಿಸಿಕೊಂಡಿರುವುದನ್ನು ಬಹಿರಂಗವಾಗಿ ಪ್ರಶ್ನಿಸಿದರು. ಅದಕ್ಕಾಗಿ ನಿಂದೆ ಕೇಳಬೇಕಾಯಿತು; ತಮ್ಮ ಹೆಸರಿನ ಸೈಕಲ್‌ಗಳ ವ್ಯಾಪಾರವೂ ಕೊನೆಗೆ ಕೈತಪ್ಪಿತು. 2012ರಲ್ಲಿ ಆರ್ಮ್‌ಸ್ಟ್ರಾಂಗ್ ಅವರ ಏಳೂ ಟೂರ್ ಗೆಲುವುಗಳನ್ನು ರದ್ದುಪಡಿಸಲಾಯಿತು. ಟೂರ್ ದ ಫ್ರಾನ್ಸ್‌ನ ಪುರುಷರ ವಿಜೇತರ ಪಟ್ಟಿಯಲ್ಲಿ ಇಂದು ಉಳಿದಿರುವ ಅಮೆರಿಕದ ಹೆಸರು ಲೆಮಾಂಡ್ ಅವರದೊಂದೇ.

ಮಕ್ಕಳನ್ನು ಕ್ರೀಡೆಗೆ ಕಳುಹಿಸುವ ತಂದೆತಾಯಿಗಳಿಗೆ ಒಂದು ಮಾತು: ಹೆಸರಿಲ್ಲದ ಪುಡಿ, ಮಾತ್ರೆ, ಚುಚ್ಚುಮದ್ದುಗಳನ್ನು ಯಾರೇ ಕೊಟ್ಟರೂ ಒಳಗೇನಿದೆಯೆಂದು ಕೇಳಿ. ಅಡ್ಡದಾರಿಯ ಗಳಿಕೆ ಕಾಯಕದ ಫಲವಲ್ಲ.

ಒಳಗಿನ ಗಾಯ

ಎಲ್ಲಕ್ಕಿಂತ ಆಳದಲ್ಲಿದ್ದ ಗಾಯವನ್ನು ಲೆಮಾಂಡ್ ದಶಕಗಳ ಕಾಲ ಯಾರಿಗೂ ತೋರಿಸಿರಲಿಲ್ಲ. 2007ರಲ್ಲಿ ವಿಚಾರಣೆಯೊಂದರಲ್ಲಿ ಸಾಕ್ಷಿ ಹೇಳುವಾಗ, ಬಾಲ್ಯದಲ್ಲಿ ಕುಟುಂಬದ ಪರಿಚಿತನೊಬ್ಬನಿಂದ ತಾವು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದನ್ನು ಅವರು ಬಹಿರಂಗಪಡಿಸಿದರು. ಆ ನಾಚಿಕೆ ಮತ್ತು ಅಂಜಿಕೆ ಗೆಲುವಿನ ವೇದಿಕೆಯ ಮೇಲೂ ತಮ್ಮನ್ನು ಬಿಟ್ಟಿರಲಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ. ಅನಂತರ ಅಂಥ ಅನುಭವವುಳ್ಳ ಗಂಡಸರಿಗೆ ನೆರವಾಗುವ ಸಂಸ್ಥೆಯೊಂದರ ಕಾರ್ಯದಲ್ಲಿ ತೊಡಗಿದರು.

ಈ ವಿಷಯವನ್ನು ಮಠದ ಪತ್ರಿಕೆಯಲ್ಲಿ ಬರೆಯಬೇಕೆ ಎಂದು ಯಾರಾದರೂ ಕೇಳಬಹುದು. ಬರೆಯಲೇಬೇಕು. ದೌರ್ಜನ್ಯ ಹೆಣ್ಣುಮಕ್ಕಳಿಗೆ ಮಾತ್ರ ಆಗುತ್ತದೆಂಬುದು ತಪ್ಪು ತಿಳಿವಳಿಕೆ. ಅಪರಿಚಿತರೇ ಮಾಡುತ್ತಾರೆಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಮಗು ಇದ್ದಕ್ಕಿದ್ದಂತೆ ಮಂಕಾದರೆ, ಒಬ್ಬ ವ್ಯಕ್ತಿಯ ಬಳಿ ಹೋಗಲು ಹಿಂಜರಿದರೆ, ನಿದ್ದೆಯಲ್ಲಿ ಬೆಚ್ಚಿದರೆ ಗದರದೆ ಹತ್ತಿರ ಕೂರಿಸಿಕೊಂಡು ಕೇಳಬೇಕು, ಹೇಳಿದ್ದನ್ನು ನಂಬಬೇಕು. ತಪ್ಪು ನಿನ್ನದಲ್ಲ ಎಂಬ ಮಾತು ಮಗುವಿಗೆ ಮೊದಲ ಚಿಕಿತ್ಸೆ. 1098 ಮಕ್ಕಳ ಸಹಾಯವಾಣಿ ಹಗಲಿರುಳೂ ತೆರೆದಿರುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಸಮಾನವಾಗಿ ರಕ್ಷಿಸುತ್ತದೆ.

ಮತ್ತೆ ರಕ್ತದ ಪರೀಕ್ಷೆ

2022ರಲ್ಲಿ, ಅರವತ್ತರ ಗಡಿ ದಾಟಿದ್ದ ಲೆಮಾಂಡ್ ಅವರಿಗೆ ಕೆಲವು ವಾರಗಳ ಕಾಲ ದಣಿವು ಕಾಡಿತು. ಈ ಸಲ ಅವರು ಅದನ್ನು ಮುಚ್ಚಿಡಲಿಲ್ಲ. ಪರೀಕ್ಷೆಗಳಲ್ಲಿ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. ಅವರು ಅದನ್ನು ಜನರಿಗೆ ತಿಳಿಸಿ, ಚಿಕಿತ್ಸೆಗೆ ಒಳಪಡುವ ರೋಗವಿದು ಎಂದು ಧೈರ್ಯದಿಂದ ಹೇಳಿದರು.

ಮೂಳೆಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಅಂಕೆ ಮೀರಿ ಹೆಚ್ಚುವ ಈ ರೋಗ ಕೆಲವು ದಶಕಗಳ ಹಿಂದೆ ಮಾರಕವೇ ಆಗಿತ್ತು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮಾಟಿನಿಬ್ ಮಾತ್ರೆ ಆ ಸ್ಥಿತಿಯನ್ನು ಬದಲಿಸಿತು. ದಿನವೂ ಮಾತ್ರೆ ನುಂಗುತ್ತ, ನಿಯಮದಂತೆ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತ ಅನೇಕರು ದೀರ್ಘಕಾಲ ಸಹಜ ಜೀವನ ನಡೆಸುತ್ತಿದ್ದಾರೆ. 2013ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ಈ ಔಷಧಿಯ ಹಕ್ಕುಪತ್ರಕ್ಕೆ ಸಂಬಂಧಿಸಿದ ವಿದೇಶೀ ಕಂಪನಿಯ ಮನವಿಯನ್ನು ತಳ್ಳಿಹಾಕಿದ್ದರಿಂದ ನಮ್ಮ ದೇಶದಲ್ಲಿ ಇದು ಕಡಿಮೆ ಬೆಲೆಗೆ ದೊರೆಯುವ ದಾರಿ ತೆರೆದೇ ಉಳಿಯಿತು. ಕ್ಯಾನ್ಸರ್ ಎಂಬ ಪದ ಕೇಳಿದೊಡನೆ ಕೈಚೆಲ್ಲುವವರು ಇದನ್ನು ನೆನಪಿಡಬೇಕು. ವಾರಗಟ್ಟಲೆ ಬಿಡದ ದಣಿವು, ಕಾರಣವಿಲ್ಲದೆ ತೂಕ ಇಳಿಯುವುದು, ಎಡಪಕ್ಕೆಯ ಕೆಳಗೆ ಭಾರ, ರಾತ್ರಿ ಬೆವರುವುದು ಇದ್ದರೆ ವೈದ್ಯರನ್ನು ಕಾಣುವುದಕ್ಕೆ ತಡಮಾಡಬಾರದು.

ಸೈಕಲ್ ಹತ್ತುವ ನಮಗೆ

ನಾವು ಟೂರ್ ದ ಫ್ರಾನ್ಸ್ ಓಡಬೇಕಾಗಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಸೈಕಲ್ ತುಳಿದರೆ ಅದು ಪೂರೈಸುತ್ತದೆ. ದೇಹದ ತೂಕ ಸೀಟಿನ ಮೇಲಿರುವುದರಿಂದ ಮಂಡಿಗಳಿಗೆ ಓಟದಷ್ಟು ಹೊಡೆತವಿಲ್ಲ. ರಕ್ತದ ಸಕ್ಕರೆ ಹಿಡಿತಕ್ಕೆ ಬರಲು, ರಕ್ತದೊತ್ತಡ ಇಳಿಯಲು, ನಿದ್ದೆ ಚೆನ್ನಾಗಿ ಬರಲು ಅದು ಸಹಾಯಕ.

ಪೆಡಲ್ ಕೆಳಗಿನ ತುದಿಗೆ ಬಂದಾಗ ಮಂಡಿ ಸ್ವಲ್ಪವೇ ಬಾಗಿರುವಂತೆ ಸೀಟಿನ ಎತ್ತರವಿರಲಿ. ಸೀಟು ತಗ್ಗಾಗಿದ್ದರೆ ಮಂಡಿನೋವು ಖಂಡಿತ. ತುಳಿಯುವಾಗ ಪಕ್ಕದವರೊಡನೆ ಮಾತನಾಡುವಷ್ಟು ಉಸಿರು ಉಳಿದಿರಲಿ. ಮಾತೇ ಹೊರಡದಷ್ಟು ಏದುಸಿರು ಬಂದರೆ ವೇಗ ತಗ್ಗಿಸಿ. ಎದೆನೋವು, ತಲೆಸುತ್ತು, ಎಡಗೈ ಅಥವಾ ದವಡೆಗೆ ಹರಡುವ ನೋವು ಬಂದರೆ ಕೂಡಲೇ ಇಳಿದು ಸಹಾಯ ಕೇಳಿ. ಹೃದ್ರೋಗ, ಮಧುಮೇಹ, ಅಧಿಕ ರಕ್ತದೊತ್ತಡವಿರುವವರು ಆರಂಭಿಸುವ ಮೊದಲು ವೈದ್ಯರ ಸಲಹೆ ಪಡೆಯಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆಯ ತುಣುಕು ಇಟ್ಟುಕೊಳ್ಳಲಿ. ಹೆಲ್ಮೆಟ್, ಮುಸ್ಸಂಜೆಯಲ್ಲಿ ದೀಪ, ಕೆಲಸ ಮಾಡುವ ಬ್ರೇಕು ಇವು ಆಡಂಬರಗಳಲ್ಲ. ವಾರದಲ್ಲಿ ಒಂದೆರಡು ದಿನ ಕಾಲಿಗೆ ವಿಶ್ರಾಂತಿ ಕೊಡಿ. ಸ್ನಾಯು ಬಲಗೊಳ್ಳುವುದು ಬಿಡುವಿನಲ್ಲಿ.

ಲೆಮಾಂಡ್ ಅವರಿಗೆ 2020ರಲ್ಲಿ ಅಮೆರಿಕದ ಸಂಸತ್ತು ತನ್ನ ಚಿನ್ನದ ಪದಕದ ಗೌರವವನ್ನು ನೀಡಿತು. ಗೆದ್ದ ಓಟಗಳಿಗಾಗಿ ಅದು ಸಂದಿರಬಹುದು. ಆದರೆ ಅವರ ಬದುಕನ್ನು ಓದಿದವರಿಗೆ ದೊಡ್ಡದಾಗಿ ಕಾಣುವುದು ಬೇರೆಯದೇ. ಕರುಳಿನ ನೋವನ್ನು ಮುಚ್ಚಿಟ್ಟ ಯುವಕನೇ ಮುಂದೆ ಬಾಲ್ಯದ ಗಾಯವನ್ನೂ ಕ್ಯಾನ್ಸರನ್ನೂ ಮುಚ್ಚಿಡದೆ ಹೇಳುವ ಹಿರಿಯರಾದರು. ದೇಹ ನಮಗೆ ದೊರೆತ ಪ್ರಸಾದ. ಅದು ದಣಿದೆನೆಂದು ಹೇಳಿದಾಗ ಕೇಳಿಸಿಕೊಳ್ಳುವ ವಿನಯ, ನೊಂದೆನೆಂದಾಗ ಇನ್ನೊಬ್ಬರಿಗೆ ತಿಳಿಸುವ ಧೈರ್ಯ, ಗುಣವಾದಾಗ ಮತ್ತೆ ಕಾಯಕಕ್ಕೆ ಮರಳುವ ಶ್ರದ್ಧೆ ಎಲ್ಲ ಸದ್ಭಕ್ತರಿಗೂ ಲಭಿಸಲಿ. ಶರಣು ಶರಣಾರ್ಥಿಗಳು.